ಎಡಗಡೆ ಚುಚ್ಚುವ ಕುರ್ಚಿ

ಕುಶನ್ ಮಾಮ ಎಂಬ ಹೆಸರು ಅವನಿಗೆ ಕೆಲಸದಿಂದ ಬಂತೋ ಮೈಯಿಂದ ಬಂತೋ ಎಂದು ಊರಿನಲ್ಲಿ ಯಾರೂ ವಿಚಾರಿಸಲು ಹೋಗಲಿಲ್ಲ. ಎರಡಕ್ಕೂ ಒಪ್ಪುತ್ತಿತ್ತು. ಹಳೆಯ ಸೋಫಾ, ಕಾರಿನ ಸೀಟು, ಕ್ಷೌರದಂಗಡಿಯ ತಿರುಗು ಕುರ್ಚಿ, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಹೀಗೆ ಮನುಷ್ಯ ಕೂರುವಂಥದ್ದು ಏನೇ ಹರಿದರೂ ಅವನ ಅಂಗಡಿಗೆ ಬರುತ್ತಿತ್ತು. ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ಒಂದೊಂದನ್ನೇ ತುಟಿಯಂಚಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ ಟಕ್ ಟಕ್ ಎಂದು ಹೊಡೆಯುತ್ತಿದ್ದ. ಬಾಯಲ್ಲಿ ಮೊಳೆ ಇಲ್ಲದ ಹೊತ್ತಿನಲ್ಲಿ ಬೇರೆ ಏನಾದರೂ ಇರುತ್ತಿತ್ತು. ಹಾಗಾಗಿ ಮಾತು ಕಡಿಮೆ, ನಗು ಜಾಸ್ತಿ.

ಆ ನಗುವಿನ ವಿಷಯ ಇಲ್ಲೇ ಹೇಳಿಬಿಡಬೇಕು. ಚಳಿಗಾಲದ ಬೆಳಿಗ್ಗೆ ಹಳೇ ಲಾರಿ ಹೊರಟ ಹಾಗೆ ಅದು ಮೊದಲು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಆಮೇಲೆ ಹೊತ್ತಿಕೊಂಡಿತೆಂದರೆ ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ಪಕ್ಕದ ಗಡಿಯಾರದಂಗಡಿಯವನು ಸಣ್ಣ ತಿರುಪು ಹಿಡಿದು ಕೂತಿದ್ದರೆ ಅದು ಕೆಳಗೆ ಬೀಳುತ್ತಿತ್ತು. ಮಾಮನಿಗೆ ಅದರಿಂದ ಇನ್ನಷ್ಟು ನಗು.

ಊರಿಗೆಲ್ಲ ಆಸನ ಮಾಡಿಕೊಡುವ ಈ ಮನುಷ್ಯನಿಗೆ ಕೂರುವುದೇ ದೊಡ್ಡ ಪಾಡಾಗಿತ್ತು. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುತ್ತಿದ್ದುದು ಕುರ್ಚಿಯ ಕಾಲುಗಳಿಗೆ, ಆಮೇಲೆ ಕೈಗಳ ನಡುವಿನ ಜಾಗಕ್ಕೆ. ಮನೆಯವರ ಮುಖ ನೋಡುವ ಸರದಿ ಕೊನೆಗೆ ಬರುತ್ತಿತ್ತು. ಕೂತ್ಕೊಳ್ಳಿ ಎಂದರೆ, ಬೆಳಿಗ್ಗೆಯಿಂದ ಕೂತೇ ಇದ್ದೆ, ಸ್ವಲ್ಪ ನಿಲ್ಲುತ್ತೇನೆ ಎನ್ನುತ್ತಿದ್ದ. ಅದು ಅಪ್ಪಟ ಸುಳ್ಳು. ಅವನದು ನಿಂತೇ ಮಾಡುವ ಕೆಲಸ.

ಊರ ರಂಗಮಂದಿರದ ಕುರ್ಚಿಗಳೆಲ್ಲ ಅವನ ಕೈಯವೇ. ಮದುವೆಯಾದ ಹೊಸತರಲ್ಲಿ ಹಿಡಿದ ದೊಡ್ಡ ಕೆಲಸ ಅದು. ಸ್ಪ್ರಿಂಗು ಕಟ್ಟಿ, ನಾರು ತುಂಬಿ, ಕೆಂಪು ಬಟ್ಟೆ ಎಳೆದು ಹೊಲಿದು, ಒಂದೊಂದನ್ನೂ ಮುಷ್ಟಿಯಿಂದ ಒತ್ತಿ ನೋಡಿ ಸೈ ಎಂದಿದ್ದ. ಕೂತು ನೋಡಲಿಲ್ಲ. ಎರಡೂ ಕಡೆ ಎರಕದ ಕಬ್ಬಿಣದ ಕೈಗಳಿದ್ದವು, ಅವು ಯಾರ ಮುಲಾಜಿಗೂ ಸರಿಯುವಂಥವಲ್ಲ. ಅಲ್ಲಿಯ ಮೇಲ್ವಿಚಾರಕ, ಒಣಗಿದ ಕಡ್ಡಿಯಂಥ ಆಸಾಮಿ, ಕೆಲವು ಕುರ್ಚಿ ಎಡಗಡೆ ಚುಚ್ಚುತ್ತವೆ ಎಂದು ಆಗಿನಿಂದಲೂ ದೂರುತ್ತಲೇ ಇದ್ದ. ಮಾಮ ಅದಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲ.

"ಚುಚ್ತಿರೋದು ಸ್ಪ್ರಿಂಗ್ ಅಲ್ಲ ಸ್ವಾಮಿ, ನಿಮ್ಮ ಎಲುಬು," ಎಂದು ಹೇಳಿ ಕಳಿಸುತ್ತಿದ್ದ.

ಹೆಂಡತಿಗೆ ನಾಟಕದ ಹುಚ್ಚು. ಅಂಚೆ ಕಚೇರಿಯ ಕಿಟಕಿಯಲ್ಲಿ ಇಡೀ ದಿನ ಜನರ ಕಿರಿಕಿರಿ ಕೇಳಿಸಿಕೊಂಡವಳಿಗೆ ಸಂಜೆ ಬೇರೆಯವರ ಜಗಳ ದುಡ್ಡು ಕೊಟ್ಟು ನೋಡುವುದರಲ್ಲಿ ಸುಖವಿತ್ತು. ಪ್ರತಿ ಸಲವೂ ಎರಡು ಟಿಕೆಟ್ ತರುತ್ತಿದ್ದಳು. ಒಂದರಲ್ಲಿ ತಾನು ಕೂತು ಇನ್ನೊಂದರಲ್ಲಿ ಕೈಚೀಲ ಇಡುತ್ತಿದ್ದಳು. ಒಂದೇ ಸಾಕಲ್ಲ ಎಂದು ಮಾಮ ಗೊಣಗಿದರೆ, ಚೀಲಕ್ಕೂ ನಾಟಕ ಇಷ್ಟ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಾಮ ಹಿಂದಿನ ಬಾಗಿಲ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅವನ ಗಾತ್ರ, ಅವನು ನಿಂತ ಗತ್ತು ನೋಡಿ ಹೊಸಬರು ಅವನ ಕೈಗೇ ಟಿಕೆಟ್ ಕೊಡುತ್ತಿದ್ದರು. ಅವನೂ ಗಂಭೀರವಾಗಿ ಹರಿದು ಅರ್ಧ ವಾಪಸು ಕೊಡುತ್ತಿದ್ದ.

ತಾಯಿಯ ಹುಚ್ಚು ಮಗಳಿಗೂ ಅಂಟಿತು. ಶಾಲೆಯ ನಾಟಕದಲ್ಲಿ ಮರವಾಗಿ ನಿಂತ ದಿನದಿಂದಲೂ ಅವಳಿಗೆ ಒಂದು ಅಭ್ಯಾಸ. ವೇದಿಕೆಗೆ ಬಂದವಳೇ ಸಭೆಯ ತಲೆಗಳ ಮೇಲಿಂದ ಹಿಂದಿನ ಬಾಗಿಲನ್ನು ನೋಡುವುದು. ಬಾಗಿಲು ಅರ್ಧ ಮುಚ್ಚಿದ ಹಾಗೆ ಕಂಡರೆ ಅಪ್ಪ ಬಂದಿದ್ದಾನೆ ಎಂದು ಅರ್ಥ. ಅಷ್ಟು ಕಂಡರೆ ಸಾಕು, ಅವಳಿಗೆ ಯಾವ ಮಾತೂ ಮರೆಯುತ್ತಿರಲಿಲ್ಲ. ದೊಡ್ಡವಳಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಸಂಜೆ ಊರ ನಾಟಕ ತಂಡ ಸೇರಿದಳು. ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಕೊನೆಗೆ ಮಾಮನ ಮಂಡಿಗಳು ಕೈಕೊಟ್ಟವು. ಮಗಳಿಗೊಂದು ಸಣ್ಣ ಪಾತ್ರವಿದ್ದ ಸಂಜೆ ನೋವು ಯಾವ ಪರಿ ಹಿಡಿಯಿತೆಂದರೆ, ಅವಳ ದೃಶ್ಯ ಬರುವ ಹೊತ್ತಿಗೆ ಅವನು ಹೊರಗೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಒಳಗಿನ ಚಪ್ಪಾಳೆ ಕೇಳಿಸಿತು, ಮಗಳು ಕಾಣಿಸಲಿಲ್ಲ. ಮನೆಗೆ ಹೋಗುವಾಗ ಅವಳು ಏನೂ ಕೇಳಲಿಲ್ಲ. ಬಾಗಿಲು ಖಾಲಿ ಇದ್ದದ್ದನ್ನು ಅವಳು ನೋಡಿದ್ದಾಳೆ ಎಂದು ಅವನಿಗೆ ಗೊತ್ತಾಗಿಹೋಯಿತು. ಕೂರಲಂತೂ ಆಗದು, ಇನ್ನು ನಿಲ್ಲಲೂ ಆಗದು. ಹಾಗಾದರೆ ಮಗಳನ್ನು ನೋಡುವುದು ಹೇಗೆ? ಪಥ್ಯ, ನಡಿಗೆ, ಉಪವಾಸ ಎಲ್ಲವನ್ನೂ ಹಿಂದೆಯೇ ಮಾಡಿ ಸೋತಿದ್ದ. ಮರುದಿನ ತಾನಾಗಿಯೇ ಆಸ್ಪತ್ರೆಗೆ ಹೊರಟ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು, ದೊಡ್ಡ ಚೀಲವನ್ನು ಕತ್ತರಿಸಿ ಸಣ್ಣ ಕೊಳವೆಯಷ್ಟು ಉಳಿಸುತ್ತೇವೆ ಎಂದು ವಿವರಿಸಿದರು. ಬೇರೆ ರೋಗಿಗಳು ಇಷ್ಟಕ್ಕೇ ಉಗುಳು ನುಂಗುತ್ತಾರೆ. ಮಾಮನಿಗೆ ಅದು ತನ್ನ ಕಸುಬಿನ ಮಾತು. ಯಾವ ದಾರದಲ್ಲಿ ಹೊಲಿಯುತ್ತೀರಿ ಎಂದು ಕೇಳಿದ. ದಾರವಲ್ಲ, ಸ್ಟೇಪಲ್ ಎಂದರು ಡಾಕ್ಟರು. ಮಾಮನ ಮುಖ ಸಪ್ಪಗಾಯಿತು.

"ಸ್ಟೇಪಲ್ಲು ನಮ್ಮಲ್ಲೂ ಹೊಡೀತೀವಿ ಡಾಕ್ಟ್ರೇ. ಭಾರ ಬಿದ್ರೆ ಬಿಟ್ಕೊಳ್ಳತ್ತೆ."

"ಅದಕ್ಕೇ ಭಾರ ಹಾಕ್ಬೇಡಿ ಅಂತ ಹೇಳೋದು," ಎಂದರು ಡಾಕ್ಟರು. "ನನ್ನ ಕೆಲಸ ಒಂದು ಗಂಟೆದು. ಉಳಿದದ್ದೆಲ್ಲ ನಿಮ್ಮದೇ, ಸಾಯೋ ತನಕ."

ಈ ಮಾತು ಮಾಮನಿಗೆ ಹಿಡಿಸಿತು. ತಾನೂ ಗಿರಾಕಿಗಳಿಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದ.

ಶಸ್ತ್ರಚಿಕಿತ್ಸೆ ಆದ ಮೇಲಿನ ಮೊದಲ ವಾರಗಳು ಮಾತ್ರ ಯಾರಿಗೂ ಬೇಡ. ನೀರನ್ನೂ ಗುಟುಕು ಗುಟುಕಾಗಿ ಕುಡಿಯಬೇಕು. ಊಟವೆಂದರೆ ತೆಳ್ಳನೆಯ ಸೂಪು, ಅದೂ ಮಗಳು ಚಿಕ್ಕಂದಿನಲ್ಲಿ ಹಾಲು ಕುಡಿಯುತ್ತಿದ್ದ ಬಟ್ಟಲಿನಲ್ಲಿ. ಟಿವಿಯಲ್ಲಿ ಯಾರೋ ಬ್ರೆಡ್ ಅಗಿಯುವುದನ್ನು ನೋಡಿ ಮಾಮ ಮುಖ ಊದಿಸಿಕೊಂಡು ಒಳಗೆ ಹೋದ. ಹಸಿವಿನದಲ್ಲ ಆ ದುಃಖ, ಹಸಿವೇ ಆಗುತ್ತಿರಲಿಲ್ಲ. ಕೈಗೂ ಬಾಯಿಗೂ ಇದ್ದ ಹಳೇ ಸ್ನೇಹ ಮುರಿದುಬಿದ್ದದ್ದಕ್ಕೆ. ಒಂದು ದಿನ ಕದ್ದು ಅರ್ಧ ಮೊಟ್ಟೆಯನ್ನು ಗಬಕ್ಕನೆ ನುಂಗಿದ. ಅದು ಎದೆಯಲ್ಲಿ ಕಲ್ಲಿನಂತೆ ಕೂತು, ಬೆವರಿಳಿಸಿ, ಬಂದ ದಾರಿಯಲ್ಲೇ ಹಿಂತಿರುಗಿತು. ಆಮೇಲೆ ಅಗಿಯುವುದನ್ನು ಕಲಿತ. ಅಷ್ಟು ವರ್ಷ ತಾನು ತಿಂದದ್ದಕ್ಕೆ ರುಚಿ ಎನ್ನುವುದು ಇತ್ತೆಂದು ಆಗಲೇ ತಿಳಿದದ್ದು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ.

ಇಳಿಯಲು ಶುರುವಾದ ಮೇಲೆ ಮೈ ಹಿಂದೆ ತಿರುಗಿ ನೋಡಲಿಲ್ಲ. ಬೆಲ್ಟಿಗೆ ತನ್ನ ದಬ್ಬಳದಿಂದಲೇ ತೂತು ಹೊಡೆದುಕೊಳ್ಳುತ್ತ ಹೋಗಿ, ಕೊನೆಗೆ ಬೆಲ್ಟಿನ ತುದಿ ಬೆನ್ನಿನವರೆಗೆ ಸುತ್ತಿ ಬಂತು. ಒಂದು ಬೆಳಿಗ್ಗೆ ಬಗ್ಗಿ ಬೂಟಿನ ಲೇಸು ತಾನೇ ಕಟ್ಟಿಕೊಂಡ. ಹೆಂಡತಿ ಅಡುಗೆಮನೆಯಿಂದ ಬಂದು ನೋಡುವಷ್ಟರಲ್ಲಿ, ಅವಳಿಗೆ ತೋರಿಸಲೆಂದು ಬಿಚ್ಚಿ ಮತ್ತೊಮ್ಮೆ ಕಟ್ಟುತ್ತಿದ್ದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ಮೇಲೆ ನನ್ನ ಚಪ್ಪಲಿ ಪಟ್ಟಿಯನ್ನೂ ನೀವೇ ಕಟ್ಟಿ ಎಂದಳು. ತಲೆಗೂದಲು ಒಂದಷ್ಟು ಉದುರಿತು, ಕತ್ತಿನ ಕೆಳಗೆ ಚರ್ಮ ಜೋತುಬಿತ್ತು. ಒಳಗಿನ ಹತ್ತಿ ತೆಗೆದರು, ಮೇಲಿನ ಬಟ್ಟೆ ಹಾಗೇ ಬಿಟ್ಟರು, ಅರ್ಧಂಬರ್ಧ ಕೆಲಸ ಎಂದು ಕನ್ನಡಿ ಮುಂದೆ ನಿಂತು ಡಾಕ್ಟರನ್ನು ಬೈದುಕೊಂಡ. ಹಾಗೆಂದು ಅವನೇನೂ ಬಳ್ಳಿಯಾಗಲಿಲ್ಲ. ಗಟ್ಟಿಮುಟ್ಟಾದ ಆಳಾಗಿ ನಿಂತ, ಅಷ್ಟೆ.

ಊರವರಿಗೆ ಇದು ಅರಗಲಿಲ್ಲ. ಅವನ ಅಕ್ಕ ಬಂದು, ಎಂಥಾ ಒಳ್ಳೇ ಮೈ ಇತ್ತು, ದುಡ್ಡು ಕೊಟ್ಟು ಹಾಳು ಮಾಡಿಕೊಂಡನಲ್ಲ ಎಂದು ಅತ್ತಿಗೆಯ ಅಧಿಕಾರದಿಂದ ಅವನ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡಳು. ಅಂಚೆ ಕಚೇರಿಯಲ್ಲಿ ಕೆಲವರು ದನಿ ತಗ್ಗಿಸಿ, ಮನೆಯವರಿಗೆ ಏನು ಕಾಯಿಲೆ ಎಂದು ಕೇಳಿದರು. ಮೊದಲು ತಿಂತಿದ್ದದ್ದೇ ಕಾಯಿಲೆ ಎಂದು ಹೇಳಿ ಅವಳು ಮುಂದಿನವರನ್ನು ಕರೆದಳು.

ಮೈ ಇಳಿದರೂ ಮನಸ್ಸು ಮಾತ್ರ ಹಳೇ ತೂಕದಲ್ಲೇ ಉಳಿದಿತ್ತು. ಅಗಲವಾದ ಬಾಗಿಲಲ್ಲೂ ಮಾಮ ಅಡ್ಡ ತಿರುಗಿಯೇ ಒಳಗೆ ಹೋಗುತ್ತಿದ್ದ. ಹಾಸಿಗೆಯಲ್ಲಿ ಅಂಚಿಗೆ ಮಲಗುವ ಅಭ್ಯಾಸ ಹೆಂಡತಿಗೂ ಹೋಗಲಿಲ್ಲ, ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ ಬಿದ್ದಿರುತ್ತಿತ್ತು. ಕೈಗಳಿರುವ ಕುರ್ಚಿ ಕಂಡರೆ ಈಗಲೂ ಎದೆ ಧಸಕ್ಕೆನ್ನುತ್ತಿತ್ತು. ಹುಡುಗನಾಗಿದ್ದಾಗ ಒಮ್ಮೆ ಸಿಕ್ಕಿಹಾಕಿಕೊಂಡು, ಎದ್ದಾಗ ಕುರ್ಚಿಯೂ ಜೊತೆಗೇ ಎದ್ದು, ತರಗತಿಯೆಲ್ಲ ಬಿದ್ದು ಬಿದ್ದು ನಕ್ಕದ್ದು ಅವನಿಗೆ ಮರೆತಿರಲಿಲ್ಲ. ಆ ಕಥೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಗಳಿಗೆ ಮೊದಲ ಬಾರಿ ದೊಡ್ಡ ಪಾತ್ರ ಸಿಕ್ಕಿತು. ಬಹಳ ಕಾಲದ ಮೇಲೆ ಸ್ವಂತ ಮನೆಗೆ ಮರಳಿ ಬರುವ ಮುದುಕಿಯ ಪಾತ್ರ. ನಾಟಕ ನಿಂತಿದ್ದೇ ಅವಳ ಮೇಲೆ. ನಾಟಕದ ದಿನ ಮಧ್ಯಾಹ್ನ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಅಪ್ಪಾ, ಬಾಗ್ಲ ಹತ್ರಾನೇ ಇರ್ತೀರಲ್ಲ?"

"ಇನ್ನೆಲ್ಲಿ ಹೋಗ್ಲಿ," ಎಂದ ಮಾಮ.

ಮಂಡಿನೋವು ಈಗ ಇರಲಿಲ್ಲ, ನಿಲ್ಲಲು ಅಡ್ಡಿಯಿರಲಿಲ್ಲ. ಸಂಜೆ ಹೋಗಿ ಹಳೇ ಜಾಗದಲ್ಲೇ ನಿಂತ. ಆದರೆ ಜಾಗ ಅವನ ಗುರುತು ಮರೆತಂತಿತ್ತು. ಒಬ್ಬರೂ ಟಿಕೆಟ್ ಕೊಡಲಿಲ್ಲ. ಒಬ್ಬ ಹೆಂಗಸು, ಸ್ವಲ್ಪ ಸರೀತೀರಾ ಎಂದು ತಳ್ಳಿಕೊಂಡೇ ಹೋದಳು. ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸಿದಾಗ ಮೇಲ್ವಿಚಾರಕ ಬಂದು, ಮುಖವನ್ನೂ ನೋಡದೆ, ದಾರಿಯಲ್ಲಿ ನಿಲ್ಲಬಾರದು, ಹೋಗಿ ಕೂತುಕೊಳ್ಳಿ ಎಂದ. ಇಷ್ಟು ವರ್ಷ ಟಿಕೆಟ್ ಹರಿದುಕೊಟ್ಟವನಿಗೆ ಈ ಮಾತು! ಮಾಮನಿಗೆ ಸಿಟ್ಟೂ ಬಂತು, ಕಿವಿಯವರೆಗೆ ಖುಷಿಯೂ ಬಂತು. ಎರಡರ ನಡುವೆ ಕಾಲುಗಳು ತಾವಾಗಿಯೇ ಹೆಂಡತಿಯ ಸಾಲಿನ ಕಡೆ ನಡೆದವು.

ಅವಳ ಪಕ್ಕದಲ್ಲಿ ಚೀಲ ಎಂದಿನಂತೆ ಕೂತಿತ್ತು. ಅವನು ಬಂದು ನಿಂತದ್ದು ನೋಡಿ ಅವಳು ಚೀಲವನ್ನು ಮಡಿಲಿಗೆ ತೆಗೆದುಕೊಂಡಳು. ಕಬ್ಬಿಣದ ಎರಡು ಕೈಗಳು ಮಾಮನನ್ನು ನೋಡಿದವು. ಹಿಂದಿನವರು ಕೂತ್ಕೊಳ್ಳಿ ಕೂತ್ಕೊಳ್ಳಿ ಎನ್ನತೊಡಗಿದರು. ಕಣ್ಣು ಮುಚ್ಚಿ, ಉಸಿರು ಒಳಗೆಳೆದು, ಎಲ್ಲಿ ಸಿಕ್ಕಿಕೊಳ್ಳುತ್ತೇನೋ ಎಂದು ಕಾಯುತ್ತ ಕಾಯುತ್ತ ಕೆಳಗಿಳಿದ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಕುರ್ಚಿ ಸಿಕ್ಕಿತು. ತೊಡೆಗೂ ಕಬ್ಬಿಣಕ್ಕೂ ನಡುವೆ ಜಾಗ ಉಳಿದಿತ್ತು. ಆ ಜಾಗಕ್ಕೆ ಹೆಂಡತಿ ತನ್ನ ಕೈ ಇಳಿಸಿ ಇಟ್ಟಳು. ದೀಪಗಳು ಆರಿದವು.

ಮುದುಕಿ ಊರುಗೋಲು ಹಿಡಿದು ಖಾಲಿ ಮನೆಯೊಳಗೆ ಬಂದಳು. ಸುತ್ತ ನೋಡಿದಳು. ಮಾತಾಡಬೇಕಾದ ಹೊತ್ತಿಗೆ ಅವಳ ಕಣ್ಣು ತಲೆಗಳ ಮೇಲಿಂದ ಹಿಂದಿನ ಬಾಗಿಲಿಗೆ ಹೋಯಿತು. ಅಲ್ಲೇ ನಿಂತುಬಿಟ್ಟಿತು. ಜನರಿಗೆ ಅದು ಅಭಿನಯವೆನಿಸಿತು. ಮಾಮನಿಗೆ ಮಾತ್ರ ಎಲ್ಲ ಅರ್ಥವಾಯಿತು. ಬಾಗಿಲು ಪೂರ್ತಿ ತೆರವಾಗಿ ಕಾಣುತ್ತಿದೆ, ಅಪ್ಪ ಇಲ್ಲ, ಆವತ್ತಿನ ಹಾಗೆ ಇಂದೂ ಹೋಗಿಬಿಟ್ಟಿದ್ದಾನೆ ಎಂದುಕೊಂಡಿದ್ದಾಳೆ. ಮಗಳ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕೂಗಿ ಹೇಳಲೇ, ಎದ್ದು ನಿಲ್ಲಲೇ ಎಂದು ತಿಳಿಯದೆ ಮಾಮ ಚಡಪಡಿಸಿ ಕೂತಲ್ಲೇ ಎಡಕ್ಕೆ ಹೊರಳಿದ.

ಚುಚ್ಚಿತು. ಸರಿಯಾಗಿ ಎಡಗಡೆ, ಸೊಂಟದ ಕೆಳಗೆ, ಮೇಲ್ವಿಚಾರಕ ಹೇಳುತ್ತ ಬಂದಿದ್ದ ಜಾಗದಲ್ಲೇ. ತನ್ನದೇ ಕೈಯಿಂದ ಕಟ್ಟಿದ ಸ್ಪ್ರಿಂಗು.

ಮಾಮ ಎರಡು ಸಲ ಕೆಮ್ಮಿದ. ತಡೆಯಲು ನೋಡಿದ, ಹೆಂಡತಿ ತೊಡೆ ಜಿಗುಟಿದಳು, ಏನೂ ಉಪಯೋಗವಾಗಲಿಲ್ಲ. ಲಾರಿ ಹೊತ್ತಿಕೊಂಡಿತು. ಆ ನಿಶ್ಶಬ್ದದಲ್ಲಿ ಇಡೀ ಸಭೆ ತಿರುಗಿ ನೋಡಿತು. ಮೈಯಲ್ಲಿ ಅರ್ಧ ಹೋಗಿದ್ದರೂ ನಗು ಒಂದು ತೊಲವೂ ಇಳಿದಿರಲಿಲ್ಲ. ವೇದಿಕೆಯ ಮೇಲೆ ಮುದುಕಿಯ ಕಣ್ಣು ಬಾಗಿಲಿನಿಂದ ಕಿತ್ತು ಕೆಳಗಿಳಿದು, ಸಾಲು ಸಾಲು ಹುಡುಕಿ, ಕೆಂಪು ಕುರ್ಚಿಯಲ್ಲಿ ತಾಯಿಯ ಪಕ್ಕ ಕೂತಿದ್ದ ಅಪ್ಪನ ಮೇಲೆ ಬಂದು ನಿಂತಿತು. ಬಿಳಿ ವಿಗ್ಗಿನ ಕೆಳಗೆ ಅವಳ ಮುಖ ಅರಳಿತು. ಆಮೇಲೆ ಮಾತು ತಡೆಯಲಿಲ್ಲ, ಕೊನೆಯ ಪರದೆ ಬೀಳುವವರೆಗೂ.

ಮಾರನೆಯ ಬೆಳಿಗ್ಗೆ ಮಾಮ ಸುತ್ತಿಗೆ, ಡೊಂಕು ಸೂಜಿ, ಮೊಳೆ ಡಬ್ಬಿಗಳ ಚೀಲ ಹೊತ್ತು ರಂಗಮಂದಿರಕ್ಕೆ ಹೋದ. ಬಾಗಿಲಿನಲ್ಲಿ ಅಡ್ಡ ತಿರುಗಲು ಮರೆತ. ನೀವು ಹೇಳುತ್ತಿದ್ದದ್ದು ನಿಜ, ಚುಚ್ಚುತ್ತದೆ ಎಂದು ಮೇಲ್ವಿಚಾರಕನೆದುರು ಒಪ್ಪಿಕೊಂಡ. ಇಷ್ಟು ವರ್ಷ ಕಾದ ಮಾತು ಕೇಳಿ ಆ ಬಡಕಲು ಮನುಷ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿನ್ನೆ ನೀವು ಕೂತದ್ದು ಯಾವ ಕುರ್ಚಿ, ತೋರಿಸಿ, ಅದೊಂದನ್ನು ಬಿಚ್ಚಿಸೋಣ ಎಂದ.

"ಅದೊಂದೇ ಅಂತ ಹೇಗೆ ಹೇಳೋದು?" ಎಂದ ಮಾಮ. "ಎಲ್ಲದ್ರಲ್ಲೂ ಕೂತು ನೋಡ್ಬೇಕು."

ಚೀಲ ಕೆಳಗಿಟ್ಟು ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಕೂತ. ಕಾಲ ಮೇಲೆ ಕಾಲು ಹಾಕಿದ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ನೋಡಿದ. ಆ ಕುರ್ಚಿಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಏಳಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದ. ಆಮೇಲೆ ಪಕ್ಕದ್ದಕ್ಕೆ ಸರಿದ.