ಅರ್ಧ ಕೋರ್ಟಿನಲ್ಲಿ ಸಿರುಗುಪ್ಪದ ಹುಲಿ

ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಉಳಿಯಿತು. ಕ್ರೀಡೆಯ ಜವಾಬ್ದಾರಿಯನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಪ್ರಾಂಶುಪಾಲರು ವಾಣಿಜ್ಯಶಾಸ್ತ್ರ ಕಲಿಸುವ ನನ್ನನ್ನು ಕರೆದು, "ನೀವು ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತೀರಂತಲ್ಲ?" ಎಂದರು. ಸಕ್ಕರೆ ಕಾಯಿಲೆ ಬಂದೀತೆಂಬ ಹೆದರಿಕೆಗೆ ನಡೆಯುವುದು ಕೂಡ ಒಂದು ಅರ್ಹತೆ ಎಂದು ನನಗೆ ಹೊಳೆದಿರಲಿಲ್ಲ. ಹೌದು ಎಂದೆ. ಕೊರಳಿಗೆ ಸೀಟಿ ಬಿತ್ತು.

ಬ್ಯಾಸ್ಕೆಟ್‌ಬಾಲಿನ ನಿಯಮಗಳನ್ನು ಮೊಬೈಲಿನಲ್ಲಿ ಓದಿಕೊಂಡೆ. ಅವು ತಲೆಗೆ ಹತ್ತಲಿಲ್ಲ. ಆಟಗಾರರಿಗೆ ಏನೇನು ಆಗಬಹುದೆಂಬುದು ಮಾತ್ರ ಚೆನ್ನಾಗಿ ಹತ್ತಿತು. ಮೊಣಕಾಲು ತಿರುಚಬಹುದು, ಬೆರಳು ಮುರಿಯಬಹುದು, ಬಳ್ಳಾರಿಯ ಬಿಸಿಲಿಗೆ ಪ್ರಜ್ಞೆ ತಪ್ಪಬಹುದು. ಹೀಗಾಗಿ ನನ್ನ ಚೀಲದಲ್ಲಿ ಗ್ಲೂಕೋಸ್, ಬ್ಯಾಂಡೇಜು, ನೋವಿನ ಮುಲಾಮು, ಛತ್ರಿ ಎಲ್ಲ ಇರುತ್ತಿದ್ದವು. ಚೆಂಡು ಒಂದನ್ನೇ ಎಷ್ಟೋ ಸಲ ಮರೆತು ಹೋಗಿದ್ದೇನೆ.

ಹುಡುಗಿಯರ ತಂಡದಲ್ಲಿ ಸಿರುಗುಪ್ಪದವಳೊಬ್ಬಳಿದ್ದಳು. ಬಿ.ಕಾಂ. ಕೊನೆಯ ವರ್ಷ. ಅಪ್ಪನದು ಅಲ್ಲಿನ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಬಂಡಿ. ತರಗತಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರುವಷ್ಟು ಎತ್ತರ, ಕೊನೆಯ ಬೆಂಚಿನಲ್ಲಿ ಗಾಢ ನಿದ್ದೆ. ಎಬ್ಬಿಸಿದರೆ, "ನೀವು ಹೇಳ್ರಿ ಸರ್, ನಾ ಕೇಳಾಕತ್ತೀನಿ" ಎಂದು ನನಗೇ ಧೈರ್ಯ ತುಂಬುತ್ತಿದ್ದಳು.

ಒಂದು ಅಂತರ ಕಾಲೇಜು ಪಂದ್ಯದ ಕೊನೆಯ ಗಳಿಗೆಯಲ್ಲಿ ಆಕೆ ಕೋರ್ಟಿನ ನಡುಗೆರೆಯ ಆಚೆಯಿಂದಲೇ ಚೆಂಡನ್ನು ಎಸೆದಳು. ಅದು ಬಿಸಿಲಲ್ಲಿ ಮೇಲೇರಿ, ರಿಂಗಿನ ಅಂಚನ್ನೂ ಮುಟ್ಟದೆ ಒಳಗಿಳಿಯಿತು. ಪಂದ್ಯ ಗೆದ್ದೆವು. ಅಷ್ಟು ದೂರದಿಂದ ಯಾಕೆ ಎಸೆದೆ ಎಂದು ಕೇಳಿದ್ದಕ್ಕೆ, "ಅಲ್ಲೀತನ ಯಾರು ಓಡ್ತಾರ್ರಿ ಸರ್, ಈ ಬಿಸಲಾಗ" ಎಂದಳು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಹಿಂದೆ ಸಿನಿಮಾದ ಡೋಲು ಸೇರಿಸಿ ಜಾಲತಾಣಕ್ಕೆ ಬಿಟ್ಟರು. ಎರಡು ದಿನಗಳಲ್ಲಿ ಆಕೆ 'ಸಿರುಗುಪ್ಪದ ಹುಲಿ'ಯಾದಳು. ಅದಕ್ಕೂ ಮೊದಲು ಅದೇ ಪಂದ್ಯದಲ್ಲಿ ಅದೇ ಜಾಗದಿಂದ ಎಸೆದ ಚೆಂಡುಗಳು ಕಾಂಪೌಂಡ್ ದಾಟಿ ಹೋಗಿದ್ದು, ಒಂದನ್ನು ಹುಡುಕಲು ನಾನೇ ಜಾಲಿ ಗಿಡದೊಳಗೆ ನುಗ್ಗಿದ್ದು ವಿಡಿಯೋದಲ್ಲಿ ಇರಲಿಲ್ಲ.

ಸ್ಥಳೀಯ ಚಾನೆಲ್ಲಿನವನೊಬ್ಬ ಮೈಕು ಹಿಡಿದು ಬಂದ. "ಸಣ್ಣಾಕಿದ್ದಾಗ ಭತ್ತದ ಗದ್ದ್ಯಾಗ ಕವಣಿ ಬೀಸಿ ಹಕ್ಕಿ ಓಡಿಸ್ತಿದ್ದಿಲ್ಲವಾ? ಆ ಗುರಿ ಅಲ್ಲಿಂದ ಬಂತಲ್ಲ?" ಎಂದು ಕೇಳಿದ. ಆಕೆ ಗಂಭೀರವಾಗಿ ಹೌದೆಂದಳು. ಅವರಿಗೆ ಗದ್ದೆಯೇ ಇರಲಿಲ್ಲ. ನಾನು ಮೂಲೆಗೆ ಕರೆದು ಕೇಳಿದೆ. "ಪಾಪ, ಅಂವಗೂ ಹೇಳಾಕ ಏನರ ಬೇಕಲ್ಲರಿ ಸರ್" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಳ್ಳು ಹೇಳಿದವಳು ಹಾಸ್ಟೆಲ್ಲಿನಲ್ಲಿ ಹಾಯಾಗಿ ಮಲಗಿರುತ್ತಾಳೆಂಬುದು ಗೊತ್ತಿದ್ದೂ ಬರಲಿಲ್ಲ.

ಆಮೇಲೆ ಆಕೆ ಮೊಬೈಲ್ ಅಂಗಡಿಯ ರಿಬ್ಬನ್ ಕತ್ತರಿಸಿದಳು, ಜ್ಯೂಸ್ ಸೆಂಟರು ಉದ್ಘಾಟಿಸಿದಳು. ಅಭ್ಯಾಸಕ್ಕೆ ಬಂದರೂ ಸೆಲ್ಫಿಗಳಲ್ಲೇ ಹೊತ್ತು ಹೋಗುತ್ತಿತ್ತು. ಹಾಗೆಂದು ಆಟದ ಆಸೆ ಇರಲಿಲ್ಲವೆಂದಲ್ಲ. ಒಂದು ಸಂಜೆ ಚೆಂಡಿನ ಮೇಲೆ ಕುಳಿತು ತಾನಾಗಿಯೇ ಹೇಳಿದಳು:

"ನನಗ ಯೂನಿವರ್ಸಿಟಿ ಟೀಮಿನ ಬ್ಲೇಜರ್ ಬೇಕ್ರಿ ಸರ್. ಹೋದ ವರ್ಷ ಸೆಲೆಕ್ಷನ್‌ನ್ಯಾಗ ಮೊದಲ್ನೇ ಸುತ್ತಿಗೇ ಮನೀಗೆ ಹೋಗಂದ್ರು. ಇದು ಕಡೀ ವರ್ಷ. ಈಗ ಸಿಗಲಿಲ್ಲಂದ್ರ ಮುಗೀತು."

"ಸಿಗ್ತದೆ ಬಿಡಮ್ಮ."

"ಸಿಗಲಿಲ್ಲಂದ್ರ ಈ ಹುಲಿ-ಗಿಲಿ ಅನ್ನೋರೆಲ್ಲ ಏನಂತಾರ್ರಿ?" ಎಂದಳು. ಆಕೆಯ ಮುಖದಲ್ಲಿ ನನ್ನ ಮುಖದ ಆತಂಕ ಕಂಡದ್ದು ಅದೇ ಮೊದಲು.

ಆಯ್ಕೆ ನಡೆಯುವುದು ಆ ವರ್ಷ ನಮ್ಮ ಕಾಲೇಜಿನ ಮೈದಾನದಲ್ಲೇ ಎಂದು ಗೊತ್ತಾಯಿತು. ಸುದ್ದಿ ಕುರುಗೋಡಿಗೂ ಮುಟ್ಟಿತು. ಆಕೆಯ ತಾಯಿಯ ತವರು ಕುರುಗೋಡು. ಹೀಗಾಗಿ ಹುಲಿ ನಿಜಕ್ಕೂ ತಮ್ಮದು, ಸಿರುಗುಪ್ಪದಲ್ಲಿ ಬೆಳೆದಿದೆ ಅಷ್ಟೇ ಎಂಬುದು ಅಲ್ಲಿನವರ ವಾದ. ಆಯ್ಕೆಗೆ ಒಂದು ವಾರ ಮೊದಲೇ ಸನ್ಮಾನ ಇಟ್ಟರು. ಆಯ್ಕೆಯಾದ ಮೇಲೆ ಮಾಡಿದರೆ ಚೆಂದವಲ್ಲವೇ ಎಂದು ನಾನು ಫೋನಿನಲ್ಲಿ ತೊದಲಿದೆ. "ಆಮ್ಯಾಲೂ ಮಾಡೋಣ್ರಿ ಸರ್, ಶಾಲು ಭಾಳ ಅದಾವ" ಎಂದರು.

ವೇದಿಕೆಯ ಫ್ಲೆಕ್ಸಿನಲ್ಲಿ 'ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದ ನಮ್ಮೂರ ಮೊಮ್ಮಗಳು' ಎಂದು ಆಗಲೇ ಅಚ್ಚಾಗಿತ್ತು. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ನನ್ನ ಮುಖವೂ ಇತ್ತು. ಎಲ್ಲಿಂದ ಹುಡುಕಿದ್ದರೋ, ಯಾವುದೋ ಸಾವಿನ ಮನೆಗೆ ಹೋದಾಗ ತೆಗೆದ ಫೋಟೋದ ಹಾಗಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಮುಗಿದ ಮೇಲೆ ಒಬ್ಬ ಹಿರಿಯರು ಆಕೆಯ ಕೈಗೆ ನಿಜವಾದ ಕವಣೆಯನ್ನೇ ಕೊಟ್ಟು, "ಒಂದು ಸಲ ಬೀಸವಾ" ಎಂದರು. ನಾನು ವೇದಿಕೆಯ ಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡೆ. ಹುಲಿ ಕಲ್ಲಿಟ್ಟು ಗರಗರ ತಿರುಗಿಸಿ ಬಿಟ್ಟಿತು. ಮುಂದಕ್ಕೆ ಹೋಗಬೇಕಾದ ಕಲ್ಲು ಹಿಂದಕ್ಕೆ ಬಂದು ಸೌಂಡ್ ಬಾಕ್ಸಿನ ಹೊಟ್ಟೆ ತೂತು ಮಾಡಿತು. ಮೈಕು ಗೊರ್ರೆಂದು ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. "ನೋಡ್ರಿ, ನೋಡದನ ಹೊಡದ್ಲು!" ಎಂದು ಯಾರೋ ಕೂಗಿದರು.

ಕುರುಗೋಡು ಇಷ್ಟು ಮಾಡಿದ ಮೇಲೆ ಸಿರುಗುಪ್ಪ ಸುಮ್ಮನಿರುವುದು ಹೇಗೆ? ಅಲ್ಲಿನ ಯುವ ಮುಖಂಡರೊಬ್ಬರು ಫೋನ್ ಮಾಡಿದರು. ನಗರಸಭೆಯ ಟಿಕೆಟ್ಟಿನ ಆಕಾಂಕ್ಷಿ, ವಯಸ್ಸು ನನ್ನಷ್ಟೇ. ನಮ್ಮ ಕಡೆ ಟಿಕೆಟ್ ಸಿಗುವವರೆಗೂ ಯುವ ಮುಖಂಡರೇ. "ಏಂ ಸಾರ್, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿ, "ಸೆಲೆಕ್ಷನ್ ದಿನ ಹುಡುಗಿಗೆ ಸಣ್ಣದೊಂದು ಸ್ವಾಗತ ಇಟ್ಕೊಂಡೀವ್ರಿ" ಎಂದರು. ಗೇಟಿನ ಹತ್ತಿರ ಒಂದು ಹಾರ ಹಾಕುತ್ತಾರೆಂದು ತಿಳಿದು ಆಗಲಿ ಎಂದೆ.

ಆ ದಿನ ಬೆಳಿಗ್ಗೆ ಸುತ್ತಲಿನ ಕಾಲೇಜುಗಳ ಹುಡುಗಿಯರು ಸಾಲಾಗಿ ನಿಂತಿದ್ದರು. ಆಯ್ಕೆ ಸಮಿತಿಯ ಮುಖ್ಯಸ್ಥೆ ತಲೆಗೆ ಟೋಪಿ ಹಾಕಿದ, ಮುಖದಲ್ಲಿ ನಗು ಇಲ್ಲದ ಹಿರಿಯ ಕೋಚ್ ಮೇಡಂ. ಅವರು ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಗೇಟಿನಿಂದ ತಾಷಾ ಬಾರಿಸುತ್ತ ಕುರುಗೋಡಿನ ದಂಡು ಬಂತು. ಅದರ ಹಿಂದೆ ಸಿರುಗುಪ್ಪದವರ ತೆರೆದ ಜೀಪು. ಜೀಪಿನ ಹಿಂದೆ, ಬಕೆಟ್ ಮೇಲೆತ್ತಿಕೊಂಡು, ಒಂದು ಜೆಸಿಬಿ.

ನಾನು ಸೀಟಿ ಊದಿದೆ. ತಾಷಾದವರು ಅದೂ ತಮ್ಮ ಮೇಳವೆಂದುಕೊಂಡು ಇನ್ನೂ ಜೋರಾಗಿ ಬಾರಿಸಿದರು. ಜೆಸಿಬಿ ಸೀದಾ ಕೋರ್ಟಿನ ಅಂಚಿಗೆ ಬಂದು, ನಮ್ಮ ಹುಡುಗಿಯ ತಲೆಯ ಮೇಲೆ ಬಕೆಟ್ಟು ಮಗುಚಿತು. ಚೆಂಡುಹೂ. ಬಾಡಬಾರದೆಂದು ನೀರಲ್ಲಿ ನೆನೆಸಿ ತಂದ ಚೆಂಡುಹೂ. ಒಂದು ಗಳಿಗೆ ಆಕೆ ಕಾಣಲೇ ಇಲ್ಲ. ಜನ ನುಗ್ಗಿ ಕುಣಿದರು. ಕುಣಿತ ನಿಂತಾಗ ಸಿಮೆಂಟಿನ ಅರ್ಧ ಕೋರ್ಟು ಹಳದಿ ಕೆಸರಾಗಿತ್ತು. ಯುವ ಮುಖಂಡರು ನನಗೆ ಕೈ ಮುಗಿಯುತ್ತ ಬಂದವರು ಅದರ ಮೇಲೆ ಜಾರಿ ಕುಳಿತುಬಿಟ್ಟರು.

"ಇದು ಕೋರ್ಟೋ ಕಲ್ಯಾಣ ಮಂಟಪವೋ?" ಮೇಡಂ ನನ್ನನ್ನು ಕೇಳಿದರು. "ಇಲ್ಲಿ ಆಡಿ ಯಾರದಾದರೂ ಕಾಲು ಮುರಿದರೆ ಯಾರು ಹೊಣೆ? ನಾವು ಹೊರಡ್ತೀವಿ."

ಎಲ್ಲ ಬಗೆಯ ಅನಾಹುತಗಳನ್ನೂ ಮೊದಲೇ ಊಹಿಸಿಟ್ಟುಕೊಳ್ಳುವ ನಾನು ಇದನ್ನು ಊಹಿಸಿರಲಿಲ್ಲ. ಚೀಲದಿಂದ ಬ್ಯಾಂಡೇಜು ತೆಗೆದು ತೋರಿಸಿದೆ. ಯಾಕೆಂದು ನನಗೂ ತಿಳಿಯದು.

ಅಷ್ಟರಲ್ಲಿ ಹುಡುಗಿ ಕೂದಲಿನ ಹೂ ಕೊಡವುತ್ತ ತಾಷಾದವನ ಕೋಲು ಕಿತ್ತುಕೊಂಡಳು. "ಲೇ, ಸಾಕು ಮಾಡ್ರಲೇ! ಹುಲಿ ಅಂತ ಹುಲಿ! ನನ್ನ ಬ್ಲೇಜರ್ ಮ್ಯಾಲ ಹೂವಾ ಹಾಕಾಕ ಬಂದೀರೇನು, ಹೆಣದ ಮ್ಯಾಲ ಹಾಕ್ದಂಗ? ಹಾಕಿದೋರ ಬಳೀರಿ!"

ಬಳಿದರು. ಮೊದಲು ಪೊರಕೆ, ಆಮೇಲೆ ಹೆಗಲ ಮೇಲಿನ ಟವೆಲ್ಲು. ಯುವ ಮುಖಂಡರು ಬಿಳಿ ಪ್ಯಾಂಟು ಮಡಚಿ ಕುಕ್ಕರಗಾಲಲ್ಲಿ ಒರೆಸಿದರು. ಅವರ ಹುಡುಗರು ಅದನ್ನೂ ವಿಡಿಯೋ ಮಾಡಿದರು. ಆದರೂ ಆ ಅರ್ಧ ಒಣಗಲಿಲ್ಲ. ಮೇಡಂ ಕಾಲಿಂದ ಉಜ್ಜಿ ನೋಡಿ, "ಒಣಗಿರೋ ಅರ್ಧದಲ್ಲೇ ಮೂವರು-ಮೂವರು ಆಡಲಿ" ಎಂದರು.

ನಮ್ಮ ಹುಲಿಯ ವಿದ್ಯೆಯೆಲ್ಲ ದೂರದ ಎಸೆತದ್ದು. ಅರ್ಧ ಕೋರ್ಟಿನಲ್ಲಿ ದೂರವೇ ಇಲ್ಲ. ಅಲ್ಲಿ ಓಡಬೇಕು, ತಿರುಗಬೇಕು, ಮೈಮೇಲೆ ಬೀಳುವವರ ನಡುವೆ ನಿಲ್ಲಬೇಕು. ಆಕೆ ನಿಲ್ಲಲಿಲ್ಲ, ಎರಡು ಸಲ ಬಿದ್ದಳು. ಹೊಸಪೇಟೆ ಕಡೆಯ ಗಿಡ್ಡ ಹುಡುಗಿಯೊಬ್ಬಳು ಆಕೆಯ ಕಂಕುಳ ಕೆಳಗಿನಿಂದಲೇ ನುಸುಳಿ ಚೆಂಡು ಹಾಕಿ ಬಂದಳು. ಬಿದ್ದಾಗಲೆಲ್ಲ ಅಭಿಮಾನಿಗಳು ಹುಲಿ ಹುಲಿ ಎಂದು ಕೂಗಿದರು. ಆಕೆ ಅತ್ತ ನೋಡುವುದನ್ನು ಬಿಟ್ಟಳು. ಎಸೆಯುವುದನ್ನೂ ಬಿಟ್ಟು, ಎತ್ತರದಲ್ಲಿ ಚೆಂಡು ಹಿಡಿದು, ಯಾರು ಖಾಲಿ ಇದ್ದಾರೋ ಅವರಿಗೆ ಕೊಡತೊಡಗಿದಳು. ವಿಡಿಯೋ ಮಾಡುವಂಥದ್ದೇನೂ ಇರಲಿಲ್ಲ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಮೇಡಂ ಮಾತ್ರ ಟೋಪಿ ಹಿಂದೆ ಸರಿಸಿ ನೋಡಿದರು.

ಪಟ್ಟಿ ಓದಿದಾಗ ಗಿಡ್ಡ ಹುಡುಗಿ ಮೊದಲು ಬಂದಳು. ನಮ್ಮವಳು ಎಲ್ಲರ ನಂತರ, ಕಾಯ್ದಿರಿಸಿದ ಆಟಗಾರ್ತಿಯಾಗಿ ಬಂದಳು. ತರಬೇತಿ ಶಿಬಿರದಲ್ಲಿ ಮೇಡಂಗೆ ಒಪ್ಪಿಗೆಯಾದರೆ ತಂಡ, ಬ್ಲೇಜರು, ಇಲ್ಲವಾದರೆ ಮನೆ.

"ನಿನಗೆ ಕೈ ಇದೆ, ತಲೆ ಕೂಡ ಇದೆ. ಕಾಲೇ ಇಲ್ಲ. ಓಡೋದು ಕಲಿತು ಬಾ" ಎಂದರು ಮೇಡಂ.

ಇಷ್ಟು ದಿನಗಳಲ್ಲಿ ಆಕೆಗೆ ಯಾರೂ ಒಂದು ಕೊರತೆಯನ್ನೂ ಹೇಳಿರಲಿಲ್ಲ. ಆಕೆ ನನ್ನತ್ತ ತಿರುಗಿ, "ಸರ್, ನೀವರ ಹೇಳಬಾರದೇನ್ರಿ?" ಎಂದಳು.

"ನನಗೆ ಗೊತ್ತಿದ್ದರೆ ಹೇಳ್ತಿರಲಿಲ್ಲವೇನಮ್ಮ" ಎಂದೆ. ಅದಕ್ಕೆ ಬಿದ್ದು ಬಿದ್ದು ನಕ್ಕಳು.

ಯುವ ಮುಖಂಡರು ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಜೀಪು ಬಂತು. "ಹತ್ತವಾ ತಂಗಿ, ಹಾಸ್ಟೆಲ್ ತನಕ ಮೆರವಣಿಗಿ ಐತಿ."

"ಮೆರವಣಿಗಿ ಆಗ್ಲಿ ಬಿಡ್ರಿ ಅಣ್ಣಾ. ನಾ ಓಡ್ಕೊಂತ ಬರ್ತೀನಿ" ಎಂದವಳೇ ಶೂಸಿನ ಲೇಸು ಬಿಗಿದು ಗೇಟು ದಾಟಿಬಿಟ್ಟಳು. ಹುಲಿ ಮುಂದೆ ಹೋದ ಮೇಲೆ ತಾಷಾದವರು ಹಿಂದೆ ಉಳಿಯುವಂತಿಲ್ಲ. ಬಾರಿಸುತ್ತ, ಏದುಸಿರು ಬಿಡುತ್ತ ಅವರೂ ಓಡಿದರು. ಕುರುಗೋಡು, ಸಿರುಗುಪ್ಪ ಎರಡೂ ಓಡಿದವು.

ಜೀಪು ಖಾಲಿ ಹೋದರೆ ಅಪಶಕುನವೆಂದು ಯುವ ಮುಖಂಡರಿಗೆ ಅನ್ನಿಸಿತು. ಉಳಿದಿದ್ದ ಹಾರವನ್ನು ನನ್ನ ಕೊರಳಿಗೆ ಹಾಕಿ ಹತ್ತಿಸಿದರು. ಬಿಸಿಲಿಗೆ ಛತ್ರಿ ಬಿಚ್ಚಿದೆ. ದಾರಿಯುದ್ದಕ್ಕೂ ಅಂಗಡಿಯವರು ಹೊರಬಂದು, "ಯಾರ್ರೀ ಇವರು, ಏನು ಗೆದ್ದಾರ?" ಎಂದು ಕೇಳುತ್ತಿದ್ದರು. ಮುಂದೆ, ಬಲು ದೂರದಲ್ಲಿ, ಆಕೆಯ ತಲೆ ಎಲ್ಲರ ತಲೆಗಳಿಗಿಂತ ಮೇಲೆ ಪುಟಿಯುತ್ತಿತ್ತು. ಆ ಬಿಸಿಲಿಗೆ ಎಲ್ಲಿ ಬೀಳುತ್ತಾಳೋ ಎಂದು ನನ್ನ ಜೀವ ಹಾರುತ್ತಿತ್ತು.

"ಕೈ ಬೀಸ್ರಿ ಸಾರ್, ಜನ ನೋಡಾಕತ್ತಾರ" ಎಂದರು ಯುವ ಮುಖಂಡರು.

ಬೀಸಿದೆ.