ರೊಟ್ಟಿ ಮನೆಯಲ್ಲಿ, ಅನ್ನ ಕೊರಿಯಾದಲ್ಲಿ

ನಮ್ಮ ಬಾಜು ಮನೆಯ ಕಾಕಾನ ಊಟದಲ್ಲಿ ರೊಟ್ಟಿ ಮೊದಲು, ಅನ್ನ ಆಮೇಲೆ, ಮಜ್ಜಿಗೆ ಕಡೆಗೆ. ಕಲಘಟಗಿಯ ನಮ್ಮ ಓಣಿಯೆದುರು ಕೊರಿಯನ್ ರೈಸ್ ಬೌಲ್ ಅಂಗಡಿ ತೆರೆದಾಗ ಕಾಕಾ ನನ್ನ ಜೊತೆ ಬಂದರು. ಕೂತ ಕೂಡಲೇ ಅಂಗಡಿಯವಳು ತಂದಿಟ್ಟಳು: ಬಟ್ಟಲು ತುಂಬ ಅನ್ನ, ಮೇಲೆ ಅಣಬೆ, ಕೆಂಪು ಖಾರದ ಕೋಸು.

ಕಾಕಾ ಬಟ್ಟಲೆತ್ತಿ ಅಡಿಯಲ್ಲೂ ನೋಡಿದರು. "ಅಲ್ಲಬೇ ತಂಗಿ, ಅನ್ನನ ಬಂದಬಿಡ್ತಲ್ಲ! ನಾ ಊಟ ಯಾವಾಗ ಮಾಡಿದೆ?"

"ಇಲ್ಲಿ ಇದ ಊಟರಿ ಕಾಕಾ," ಎಂದಳು ಅವಳು.

ಮರುದಿನದಿಂದ ಮನೆಯಲ್ಲಿ ರೊಟ್ಟಿ, ಎಣಗಾಯಿ ಮುಗಿಸಿ, ಎಂಜಲು ಕೈ ಮೇಲೆತ್ತಿಕೊಂಡೇ ರಸ್ತೆ ದಾಟತೊಡಗಿದರು. ಗಾಜಿನ ಬಾಗಿಲನ್ನು ಮೊಣಕೈಯಿಂದ ನೂಕಿ, "ರೊಟ್ಟಿ ಆದೂವು, ಅನ್ನ ಹಾಕಬೇ!" ಎನ್ನುವರು.

ಒಮ್ಮೆ ಬಟ್ಟಲು ಬರಿದಾದಾಗ ಅವಳು ಕೈ ತೊಳೆಯಲು ನೀರು ತಂದಳು. ಕಾಕಾ ಹೌಹಾರಿದರು. "ತಡಿಬೇ! ಊಟ ಇನ್ನೂ ನಡದೈತಿ. ಮಜ್ಜಿಗಿ ಮನ್ಯಾಗೈತಿ!"

ಹೊರಗೆ, ಎತ್ತಿದ ಕೈ ಕಂಡು ಮಿಶ್ರಿಕೋಟಿಗೆ ಹೋಗುವ ಬಸ್ಸು ನಿಂತೇಬಿಟ್ಟಿತು. ಕಾಕಾ ಅದರ ಮುಂದಿನಿಂದಲೇ ಮಜ್ಜಿಗೆಗೆ ನಡೆದರು.