ನಾಲ್ಕು ಪುಟಕ್ಕೆ ಒಂದು ಏಲಕ್ಕಿ ಹಾರ

ನಮ್ಮ ಗಿರಿಜಾ ವೈನಿಗೆ ಮೊನ್ನೆ ಸನ್ಮಾನವಾಯಿತು. ಶಾಲು, ಹಣ್ಣಿನ ಬುಟ್ಟಿ, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ, ಮೇಲೆ ಫೋಟೊಗಳ ಸುರಿಮಳೆ. ಯಾತಕ್ಕೆ ಸನ್ಮಾನ? ಲೇಖಕಿ ಎಂದು. ಎಷ್ಟು ಬರೆದಿದ್ದಾರೆ? ನಾಲ್ಕು ಪುಟ.

(ನಗಬೇಡಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.)

ವೈನಿ ಎಂದರೆ ನಮ್ಮಣ್ಣನ ಹೆಂಡತಿ. ಅಣ್ಣನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ವರ್ಷದ ಕೊನೆಯಲ್ಲಿ ವೈನಿ ರಾಣೆಬೆನ್ನೂರಿಗೆ, ನಮ್ಮ ಮನೆಗೆ ಬಂದಿದ್ದರು. ರೊಟ್ಟಿ ಬಡಿಯುತ್ತ ಸಣ್ಣ ದನಿಯಲ್ಲಿ ಹೇಳಿದರು.

"ಹೊಸಾ ವರ್ಷಕ್ಕ ಒಂದು ಕತಿ ಬರೀಬೇಕಂತ ಮಾಡೇನವಾ. ನಮ್ಮವ್ವನ ಕತಿ. ಅಕಿ ಕಿವಿ ಪೂರಾ ಹೋಗೂದ್ರಾಗ ಅಕಿ ಮುಂದ ಕುಂತು ಓದಿ ಹೇಳಬೇಕು."

ಅವರ ತಾಯಿ ಇರುವುದು ಹಲಗೇರಿಯಲ್ಲಿ. ಓದು ಬಾರದ ಹೆಂಗಸು. ಈಗ ಕಿವಿಯೂ ಮಂದವಾಗುತ್ತಿದೆ. ಮಗಳು ಬರೆದದ್ದು ಆಕೆಗೆ ತಲುಪಬೇಕಾದರೆ ಕಿವಿಯೊಂದೇ ದಾರಿ, ಅದೂ ಲಗೂ, ತಡಮಾಡುವಂತಿಲ್ಲ.

ವಾರವಾರ ಈ ಅಂಕಣ ಬರೆಯುವವಳು ನಾನು, ಉಪದೇಶ ಮಾಡದೆ ಬಿಡುತ್ತೇನೆಯೇ? "ಸ್ಫೂರ್ತಿ ಗೀರ್ತಿ ಅಂತ ದಾರಿ ಕಾಯಬ್ಯಾಡ್ರಿ ವೈನಿ. ದಿನಾ ಒಂದು ತಾಸು ಕುಂದರ್ರಿ. ಅದ ಹೊತ್ತು, ಅದ ಜಾಗಾ," ಎಂದೆ. ಅವರು ಬೆಳಗಿನ ತಾಸನ್ನು ಆರಿಸಿಕೊಂಡರು. ಮನೆ ಏಳುವ ಮೊದಲು, ಪಡಸಾಲೆಯ ಮೂಲೆಯ ಟೇಬಲ್ಲು. ಜನವರಿ ಮೊದಲ ದಿನವೇ ಶುರು. ದಿನಕ್ಕೊಂದು ಪುಟ. ನಾಲ್ಕನೆಯದು ಮುಗಿದಾಗ ಫೋನಿನಲ್ಲಿ ಓದಿ ಹೇಳಿದರು. ಖರೇ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಚೆನ್ನಾಗಿತ್ತು.

ಅಷ್ಟರಲ್ಲಿ ನಮ್ಮಣ್ಣನ ಅಭಿಮಾನ ಉಕ್ಕಿತು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ವೈನಿಯ ಫೋಟೊ ಹಾಕಿ, ಕೆಳಗೆ 'ನಮ್ಮ ಮನೆಯ ಲೇಖಕಿ' ಎಂದು ಬರೆದ. ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಯಿತು, ಮರುದಿನ ಬೆಳಗಿನಿಂದಲೇ ಪಡಸಾಲೆ ತುಂಬ ಜನ. ಮುಂದಿನ ಭಾನುವಾರ ಸನ್ಮಾನ!

ನಮ್ಮ ಕಡೆ ಇದೊಂದು ರೋಗ. ಪಾಸಾದರೂ ಹಾರ, ರಿಟೈರಾದರೂ ಹಾರ, ಸೊಸೈಟಿ ಡೈರೆಕ್ಟರಾಗಿ ಆರಿಸಿ ಬಂದರೂ ಹಾರ. ಇರಲಿ, ಅವೆಲ್ಲ ಆಗಿಹೋದ ಸಂಗತಿಗಳು. ಇದು ಈಗಷ್ಟೇ ಶುರುವಾದ ಕೆಲಸ ಎಂದು ಒಬ್ಬರಿಗಾದರೂ ಹೊಳೆಯಬೇಡವೇ?

ವೇದಿಕೆಯ ಮೇಲೆ ಗಣ್ಯರೊಬ್ಬರು ಬರವಣಿಗೆಯ ಶಿಸ್ತಿನ ಬಗ್ಗೆ ಊಟದ ಹೊತ್ತು ಮೀರುವವರೆಗೆ ಮಾತಾಡಿದರು. (ಅವರು ಏನು ಬರೆದಿದ್ದಾರೆಂದು ಯಾರಿಗೂ ಗೊತ್ತಿಲ್ಲ.) ಕೊನೆಗೆ ವೈನಿಯ ಕೈಗೆ ಮೈಕು ಬಂತು. "ಕತಿ ಇನ್ನೂ ಮುಗದಿಲ್ರಿ," ಎಂದರು ಪಾಪ. ಎಂಥ ವಿನಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಅದಾದ ಮೇಲೆ ವೈನಿಯ ಫೋನಿಲ್ಲ. ಈ ಭಾನುವಾರ ಬೆಳಿಗ್ಗೆಯೇ ಬ್ಯಾಡಗಿಗೆ ಹೋದೆ. ಪಡಸಾಲೆಯ ಟೇಬಲ್ಲಿನ ಮೇಲೆ ಪೆನ್ನಿಡಲೂ ಜಾಗವಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಏಲಕ್ಕಿ ಹಾರ, ಪಕ್ಕದಲ್ಲಿ ಸ್ಮರಣಿಕೆ, ಕಟ್ಟು ಹಾಕಿಸಿದ ಫೋಟೊ. ಅಭಿನಂದಿಸಲು ಬಂದ ನೆಂಟರು ಬೀಗರು ಕುರ್ಚಿ ತುಂಬ ಕೂತಿದ್ದಾರೆ. ವೈನಿ ಒಳಗೆ ಚಹಾ ಸೋಸುತ್ತಿದ್ದಾರೆ.

"ಐದನೇ ಪುಟಾ ಎಲ್ಲಿಗೆ ಬಂತ್ರಿ?" ಎಂದೆ.

"ಎಲ್ಲೀದು ತಗೀಯವಾ. ಬೆಳಗಾದ್ರ ಯಾರರೆ ಬಂದಿರತಾರ. ನಿನ್ನೆ ಪೆನ್ನು ಹಿಡಕೊಂಡು ಕುಂತಿದ್ದೆ, ನಿಮ್ಮಣ್ಣ ಏನಂದ್ರು ಗೊತ್ತೈತೇನು? 'ಸನ್ಮಾನ ಆತಲ್ಲ, ಮತ್ತೇನ್ ಬರೀತಿ? ಏಳು, ಚಹಾ ಇಡು' ಅಂದ್ರು."

ಆಮೇಲೆ, ಸೋಸುವುದನ್ನು ನಿಲ್ಲಿಸದೆ ಹೇಳಿದರು. "ನಿನ್ನೆ ಅವ್ವಗ ಫೋನ್ ಮಾಡಿದ್ದೆ. ಎಷ್ಟ ಒದರಿದ್ರೂ ನಾ ಯಾರಂತ ತಿಳೀಲಿಲ್ಲ ಅಕಿಗೆ."

ನನಗೆ ಸಿಟ್ಟು ನೆತ್ತಿಗೇರಿತು. ಬೀಗರೆದುರಿಗೇ ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಅವನಿಗೆ ಅರ್ಥವೇ ಆಗಲಿಲ್ಲ. "ನಾ ಏನ್ ಕಮ್ಮಿ ಮಾಡೇನಿ ಹೇಳು? ಹಾವೇರಿಂದ ಹಾರ ತರಿಸೇನಿ, ಊರಿಗೆಲ್ಲ ಊಟಾ ಹಾಕೇನಿ!" ಎಂದ. ಕಣ್ಣಲ್ಲಿ ನೀರು ಬೇರೆ. ಕೆಟ್ಟವನಾಗಿದ್ದರೆ ಜಗಳ ಸುಲಭವಿತ್ತು. ಇವನಿಗೆ ಹೆಂಡತಿಯ ಮೇಲೆ ನಿಜವಾಗಿಯೂ ಹೆಮ್ಮೆ. ಅವಳ ಒಂದು ತಾಸನ್ನು ಬಿಟ್ಟು ಬೇರೆ ಏನು ಬೇಕಾದರೂ ಕೊಡುತ್ತಾನೆ.

ಹೊಸ ವರ್ಷ ಬಂದರೆ ಮೊಬೈಲ್ ತುಂಬ ಬುದ್ಧಿಮಾತು. ಬೇಗ ಏಳಿ, ಗುರಿ ಇಟ್ಟುಕೊಳ್ಳಿ, ಮೋಟಿವೇಶನ್ ಕಳೆದುಕೊಳ್ಳಬೇಡಿ! ಯಾರಿಗೆ ಹೇಳುತ್ತೀರಿ ಸ್ವಾಮಿ? ಈ ಹೆಂಗಸು ಬೇಗ ಎದ್ದಿದ್ದಾಳೆ. ಗುರಿ ಹಲಗೇರಿಯಲ್ಲಿ ಕೂತು ಕಾಯುತ್ತಿದೆ. ಮೋಟಿವೇಶನ್ ಬೇಕಾಗಿರುವುದು ಹಾಸಿಗೆಯಲ್ಲೇ ಕೂತು ಚಹಾಕ್ಕೆ ಕೂಗುವವರಿಗೆ, ಅಡುಗೆಮನೆಯವರೆಗೆ ನಡೆಯುವುದಕ್ಕೆ. ಅಂಥವರಿಗೆ ಯಾರಾದರೂ ವಿಡಿಯೊ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಬೀಗರು ಚಹಾ ಕುಡಿದು ಎದ್ದರು. ನಾನು ಟೇಬಲ್ಲಿನ ಮೇಲಿದ್ದದ್ದನ್ನೆಲ್ಲ ಎತ್ತಿ ಅಣ್ಣನ ಮಂಚದ ಮೇಲೆ ಹಾಕಿದೆ. ವೈನಿ ಕೈ ಒರೆಸಿಕೊಂಡು ಬಂದು ಕೂತರು. ಐದನೆಯ ಪುಟದ ಮೊದಲ ಸಾಲು ಬರೆಯುವಷ್ಟರಲ್ಲಿ ಒಳಗಿನಿಂದ ಅಣ್ಣನ ದನಿ. "ಏ ಗಿರಿಜಾ, ಇನ್ನೊಂದು ಅರ್ಧ ಕಪ್ ಚಹಾ ಆಗ್ತೈತೇನು?"

ಅರ್ಧ ಕಪ್ ಚಹಾ ತಾನೇ ಮಾಡಿಕೊಳ್ಳಲಾಗದ ಗಂಡಸಿಗೆ, ಮನೆಯಲ್ಲಿ ಲೇಖಕಿ ಯಾಕೆ ಬೇಕು?